ಹದಿನೈದು ಸಾವಿರದಲ್ಲಿ ಹ್ಯಾಮ್ ಸ್ಟೇಷನ್: ಜಮಖಂಡಿಯಿಂದ ಐದು ವ್ಯಾಟ್

‘ಟಿವಿ ಕೇಬಲ್ ಹಚ್ಚಿ ಐದು ವ್ಯಾಟಿನಾಗ ಮಾತಾಡಿದ್ರ ನಿನ್ನ ದನಿ ಮುಧೋಳ ದಾಟಂಗಿಲ್ಲ’ ಎಂದಿದ್ದರು, ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸನ್ನು ನಮಗಿಂತ ಮೊದಲು ಪಡೆದವರು. ಈಗ 7 ಮೆಗಾಹರ್ಟ್ಸ್‌ನಲ್ಲಿ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಬೆಂಗಳೂರು, ಹೈದರಾಬಾದ್, ಪುಣೆ ಮೂರೂ ಕಡೆ ಉತ್ತರ ಬರುತ್ತದೆ. ಗಾಳಿದಾರಿಯಲ್ಲಿ ಬೆಂಗಳೂರು ಇಲ್ಲಿಂದ ಹತ್ತಿರ ಹತ್ತಿರ 460 ಕಿ.ಮೀ., ಹೈದರಾಬಾದ್ 350, ಪುಣೆ 270. ಅದೇ ಟಿವಿ ಕೇಬಲ್, ಅದೇ ಐದು ವ್ಯಾಟ್. ಅನುಮಾನ ಪಟ್ಟವರಲ್ಲಿ ಒಬ್ಬರು ಮೊನ್ನೆ ಆಂಟೆನಾದ ಅಳತೆ ಕೇಳಿದರು. ಕೇಳುವವರು ಇನ್ನೂ ಇದ್ದಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ‘ಅಗ್ಗದ ಚೀನಾ ವಾಕಿಟಾಕಿ ಹ್ಯಾಂಡ್‌ಸೆಟ್ಟಿನಿಂದ ಶುರು ಮಾಡಿ’ ಎಂಬ ದೊಡ್ಡ ಊರಿನವರ ಸಲಹೆ ನಮ್ಮ ಕಡೆ ಒಗ್ಗುವುದಿಲ್ಲ. ಅದು ಮಾತಾಡುವ 144 ಮೆಗಾಹರ್ಟ್ಸ್‌ನಲ್ಲಿ ಮಾಳಿಗೆ ಮೇಲೆ ನಿಂತು ಕೇಳಿದರೂ ನನಗೆ ಯಾವ ರಿಪೀಟರೂ (ದನಿ ಹಿಡಿದು ಮತ್ತೆ ದೂರಕ್ಕೆ ಬಿಡುವ ಕೇಂದ್ರ) ಸಿಗಲಿಲ್ಲ. ಸೆಟ್ಟಿನಿಂದ ಸೆಟ್ಟಿಗೆ ಎಂಟು ಹತ್ತು ಕಿ.ಮೀ. ಹೋದರೆ ದೊಡ್ಡದು, ಅಷ್ಟರೊಳಗೆ ಮಾತಾಡಲು ಇನ್ನೊಬ್ಬ ಹ್ಯಾಮ್ ಇರಬೇಕಲ್ಲ. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ. ಆ ದುಡ್ಡು ಉಳಿಸಿ. ನಮ್ಮಂಥ ಊರಿಗೆ 40 ಮೀಟರ್ ಬ್ಯಾಂಡೇ, ಅಂದರೆ ಆ 7 ಮೆಗಾಹರ್ಟ್ಸೇ ಸರಿ. ತಗ್ಗಿನಲ್ಲಿ ಕಟ್ಟಿದ ತಂತಿಯಿಂದ ಅಲೆ ನೆಟ್ಟಗೆ ಮೇಲೆ ಹೋಗಿ ಸುತ್ತ ಐದುನೂರು ಕಿ.ಮೀ. ದೂರದವರೆಗೆ ವಾಪಸ್ ಬೀಳುತ್ತದೆ, ಕರ್ನಾಟಕ ಹೆಚ್ಚುಕಡಿಮೆ ಪೂರ್ತಿ ಅದರೊಳಗೆ ಬಂತು.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ರೆಸ್ಟ್ರಿಕ್ಟೆಡ್ ದರ್ಜೆ ಸಾಕು. ಮೋರ್ಸ್ (ಟಕ್ಕು ಗೆರೆಯ ತಂತಿ ಸಂಕೇತ) ಬೇಡ, ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನಿಮ್ಮ ಗುರುತಿನ ಹೆಸರು, ವಿಯು3ರಿಂದ ಶುರು. ವಿಯು2 ಬೇಕೆಂದರೆ ಜನರಲ್ ದರ್ಜೆ, ನಿಮಿಷಕ್ಕೆ 8 ಪದದ ಮೋರ್ಸ್. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ನಾನು ಕಟ್ಟಿದ್ದು ಪರೀಕ್ಷೆಗೆ 100 ರೂಪಾಯಿ, 20 ವರ್ಷದ ಲೈಸೆನ್ಸಿಗೆ 1000. ಪ್ರಶ್ನೆಪತ್ರಿಕೆಗೆ ಎರಡು ಭಾಗ, ರೇಡಿಯೊ ತತ್ತ್ವ ಮತ್ತು ನಿಯಮಗಳು. ಒಂದೊಂದರಲ್ಲಿ ಶೇ 40, ಒಟ್ಟು ಶೇ 50 ಬರಬೇಕು. ನಮ್ಮವರು ಓಮ್ಸ್ ಲಾ ಉರು ಹೊಡೆದು ಹೋಗಿ ನಿಯಮಗಳ ಭಾಗದಲ್ಲಿ ಎಡವುತ್ತಾರೆ. ಕ್ಯೂ ಕೋಡ್ (ಕ್ಯೂನಿಂದ ಶುರುವಾಗುವ ಮೂರಕ್ಷರದ ಸಂಕೇತ), ಫೋನೆಟಿಕ್ ಅಕ್ಷರ (ಎಗೆ ಆಲ್ಫಾ, ಬಿಗೆ ಬ್ರಾವೊ ಎನ್ನುವುದು), ಯಾವ ಮಾತು ನಿಷಿದ್ಧ, ಇಷ್ಟನ್ನು ಎರಡು ಸಲ ಓದಿ. ವ್ಯಾಪಾರದ ಮಾತು ಆಡುವಂತಿಲ್ಲ. ಮಹಾಲಿಂಗಪುರದಲ್ಲಿ ಇವತ್ತು ಬೆಲ್ಲದ ರೇಟು ಎಷ್ಟು ಎಂದು ಕೇಳುವುದೂ ಅದರಲ್ಲೇ ಬಂತು. ಪರೀಕ್ಷೆಗೆ ಬೆಂಗಳೂರಿಗೆ ಹೋಗಿ ಬರುವ ಖರ್ಚು, ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಹಿಡಿದು, 1500ರ ಆಸುಪಾಸು.

ಪಾಸಾದ ಮೇಲೆ ಪೊಲೀಸ್ ಪರಿಶೀಲನೆ. ನಮ್ಮ ಜಿಲ್ಲೆಯವರ ಅರ್ಜಿ ಸಿಕ್ಕಿಬೀಳುವುದು ಇಲ್ಲೇ. 1997ಕ್ಕೆ ಮೊದಲಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜಿಲ್ಲೆ ಬಿಜಾಪುರ, ಆಧಾರ್‌ನಲ್ಲಿ ಬಾಗಲಕೋಟೆ. ಜಿಲ್ಲೆ ಒಡೆದದ್ದು 1997ರಲ್ಲಿ, ಬಿಜಾಪುರ ವಿಜಯಪುರವಾದದ್ದು 2014ರಲ್ಲಿ. ದೂರದಲ್ಲಿ ಕೂತು ಕಾಗದ ನೋಡುವವರಿಗೆ ಇವು ಮೂರು ಬೇರೆ ಬೇರೆ ಊರು. ನನ್ನ ಅರ್ಜಿ ಇದಕ್ಕೇ ಎರಡು ಸಲ ತಿರುಗಿ ಬಂತು, ನಾಲ್ಕು ತಿಂಗಳು ಹೋಯಿತು. ಅರ್ಜಿ ಹಾಕುವ ದಿನವೇ ನಾಡಕಚೇರಿಯ ವಾಸಸ್ಥಳ ದೃಢೀಕರಣ ಜೊತೆಗಿಡಿ. ಇನಿಷಿಯಲ್ ಬಿಡಿಸಿ ಬರೆದ ಹೆಸರು ಎಲ್ಲ ಕಾಗದದಲ್ಲೂ ಒಂದೇ ತೆರ ಇರಲಿ.

ಇನ್ನು ಸೆಟ್ಟು. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟೆಕ್ಸ್, ಮನೆಯಲ್ಲೇ ಕಟ್ಟಬಹುದಾದ ಅಗ್ಗದ ಸೆಟ್ಟು, ಹ್ಯಾಮ್‌ಗಳಿಗೆಲ್ಲ ಗೊತ್ತಿರುವುದೇ. ಮೊದಲು ನಾನೇ ತಾಮ್ರದ ಬೋರ್ಡ್ ಮೇಲೆ ನಕಲು ಕಟ್ಟಿದೆ. ಫ್ರೀಕ್ವೆನ್ಸಿ ಹುಟ್ಟಿಸಿ ಬದಲಿಸುವ ಭಾಗದ (ವಿಎಫ್‌ಒ) ಕಾಯಿಲ್ ಮೂಲ ವಿನ್ಯಾಸದಂತೆ ನಲ್ಲಿಯ ನೈಲಾನ್ ವಾಷರ್ ಮೇಲೆ ಸುತ್ತಿದ್ದು. ಡಿಸೆಂಬರಿನಲ್ಲಿ ಸುಮಾರಾಗಿ ನಿಂತಿತು. ಏಪ್ರಿಲ್ ಬಂದಾಗ ಪತ್ರಾಸಿನ (ತಗಡಿನ ಛಾವಣಿಯ) ಕೆಳಗೆ ಅರ್ಧ ತಾಸಿಗೆ ಎರಡು ಕಿಲೋಹರ್ಟ್ಸ್ ಜಾರತೊಡಗಿತು. ಆ ಕಡೆಯವರ ದನಿ ನನಗೆ ಮೊದಲು ಗಂಡಸಿನದು, ಆಮೇಲೆ ಬಾತುಕೋಳಿಯದು. ಅಗ್ಗದ ಸಿರಾಮಿಕ್ ಡಿಸ್ಕ್ ಕೆಪಾಸಿಟರ್ ಕಿತ್ತು ಬಿಸಿಗೆ ಅಷ್ಟಾಗಿ ಬದಲಾಗದ ಎನ್‌ಪಿಒ ಜಾತಿಯದು ಹಾಕಿದರೆ ಜಾರುವುದು ಅರ್ಧಕ್ಕಿಳಿಯಿತು, ಪೂರ್ತಿ ನಿಲ್ಲಲಿಲ್ಲ. ಪಾಲಿಸ್ಟೈರೀನ್ ತರಿಸಿದರೆ ಎರಡು ಬೆಸುಗೆಯಲ್ಲೇ ಕರಗಿದವು. ಕೊನೆಗೆ ಆ ಹಟ ಬಿಟ್ಟು, ಜಾರದ ಫ್ರೀಕ್ವೆನ್ಸಿ ಕೊಡುವ ಎಸ್‌ಐ5351 ಚಿಪ್ ಮತ್ತು ಅದನ್ನು ನಡೆಸುವ ಆರ್ಡುಯಿನೊ ನ್ಯಾನೊ ಇದ್ದ ಸೆಕೆಂಡ್‌ಹ್ಯಾಂಡ್ ಬಿಟೆಕ್ಸ್-40 ಬೋರ್ಡನ್ನೇ ನಾಲ್ಕೂವರೆ ಸಾವಿರಕ್ಕೆ ತಂದೆ. ಫ್ರೀಕ್ವೆನ್ಸಿ ತಾಳೆ ಹಾಕಲು ರಾತ್ರಿ 7.2 ಮೆಗಾಹರ್ಟ್ಸ್ ಮೇಲೆ ಬರುವ ಯಾವುದಾದರೂ ಗಟ್ಟಿ ಪ್ರಸಾರ ಕೇಂದ್ರ ಸಾಕು. ಅವು ಐದು ಕಿಲೋಹರ್ಟ್ಸ್ ಮೆಟ್ಟಿಲಿನ ಮೇಲೆ ಕರಾರುವಾಕ್ಕಾಗಿ ಕೂತಿರುತ್ತವೆ. ಸಿಳ್ಳು ಇಳಿದು ಇಳಿದು ಸೊನ್ನೆಯಾದಾಗ ಡಿಸ್‌ಪ್ಲೇ ನೋಡಿ ತಿದ್ದಿಕೊಳ್ಳಿ.

ಲೈಸೆನ್ಸ್ ಕೈಗೆ ಬರುವ ತನಕ ಬೋರ್ಡಿನಿಂದ ಆಂಟೆನಾಕ್ಕೆ ಪವರ್ ಕೊಡುವ ಟ್ರಾನ್ಸಿಸ್ಟರ್ ಐಆರ್‌ಎಫ್510 ಬಿಚ್ಚಿಟ್ಟು ಬರೀ ಕೇಳಿದೆ. ಬಂದ ಮೇಲೆ ಅದೇ ಟ್ರಾನ್ಸಿಸ್ಟರ್ ನಾಲ್ಕು ಸುಟ್ಟೆ.

ಮೊದಲನೆಯದು ಪೂರ್ತಿ ನನ್ನ ತಪ್ಪು. ಐಆರ್‌ಎಫ್510ರ ಲೋಹದ ಟ್ಯಾಬ್, ಸಪ್ಲೈ ಬರುವ ಡ್ರೈನ್ ಕಾಲಿಗೆ ಸೇರಿದ್ದು. ಅಭ್ರಕದ ಹಾಳೆ ಇಡದೆ ಹೀಟ್‌ಸಿಂಕನ್ನು ಪೆಟ್ಟಿಗೆಗೆ ಬಿಗಿದರೆ 12 ವೋಲ್ಟ್ ನೇರ ಶಾರ್ಟ್. ಫ್ಯೂಸ್ ಹಾಕಿರಲಿಲ್ಲ, ಬೋರ್ಡಿನ ತಾಮ್ರದ ಗೆರೆಯೇ ಫ್ಯೂಸ್ ಆಯಿತು. ಬಿಗಿದಾದ ಮೇಲೆ ಮಲ್ಟಿಮೀಟರಿನ ಬಜರ್ ಹಿಡಿದು ಟ್ಯಾಬ್‌ಗೂ ಪೆಟ್ಟಿಗೆಗೂ ಸಂಬಂಧವಿಲ್ಲ ಎಂದು ನೋಡಿಯೇ ಕರೆಂಟು ಕೊಡಿ. ಸ್ಕ್ರೂಗೂ ಪ್ಲಾಸ್ಟಿಕ್ ಬುಷ್ ಬೇಕು. ಎರಡನೆಯದು ಆಸೆಗೆ ಸುಟ್ಟದ್ದು. ಬೋರ್ಡಿನಲ್ಲಿ ಪವರ್ ಆಂಪ್ಲಿಫೈಯರ್‌ಗೆ ಬೇರೆ ಸಪ್ಲೈ ಕೊಡುವ ಜಾಗ ಇದೆಯಲ್ಲ, ಅಲ್ಲಿ 24 ವೋಲ್ಟ್ ಕೊಟ್ಟೆ, ಬಯಾಸ್ (ಮಾತಿಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯಬಿಡುವ ಸಣ್ಣ ಕರೆಂಟು) ಮತ್ತೆ ನೋಡಲಿಲ್ಲ. ಆವತ್ತೇ ಆಂಟೆನಾದ ಕನೆಕ್ಟರ್ ಸಡಿಲಾಗಿತ್ತು. ಹತ್ತು ಸೆಕೆಂಡಿನ ಆಟ.

ಮೂರನೆಯದು, ನಾಲ್ಕನೆಯದು ನಕಲಿ ಮಾಲು. ಒಂದಕ್ಕೆ ಇಪ್ಪತ್ತೈದು ರೂಪಾಯಿಯಂತೆ ಹತ್ತು ತಂದಿದ್ದೆ. ಬಯಾಸ್ ಪ್ರಿಸೆಟ್ ತಿರುಗಿಸುವಾಗ ಕರೆಂಟು ಮೆಲ್ಲಗೆ ಏರುವ ಬದಲು ಒಮ್ಮೆಲೇ ಜಿಗಿಯಿತು, ಔಟ್‌ಪುಟ್ಟೂ ಎರಡು ವ್ಯಾಟ್ ದಾಟಲಿಲ್ಲ. ಐನೂರು ರೂಪಾಯಿಯ ಕಾಂಪೊನೆಂಟ್ ಟೆಸ್ಟರ್‌ನಲ್ಲಿಟ್ಟು ನೋಡಿದರೆ ಗೇಟ್ ಕೆಪಾಸಿಟನ್ಸ್ ಅಸಲಿಯದರ ಮೂರು ನಾಲ್ಕು ಪಟ್ಟು. ಒಳಗೆ ಬೇರೆ ಯಾವುದೋ ದೊಡ್ಡ ಮಾಸ್‌ಫೆಟ್, ಮೇಲೆ ಐಆರ್‌ಎಫ್510ರ ಹೆಸರು. ಕೊಳ್ಳುವ ಮುಂಚೆಯೇ ಅಳೆಯಿರಿ, ಅಂಗಡಿಯವ ಮುಖ ಗಂಟಿಕ್ಕಲಿ. ಬಯಾಸ್ ಹಾಕುವ ಕ್ರಮ ಗೊತ್ತಿದ್ದದ್ದೇ: ಪ್ರಿಸೆಟ್ ಪೂರ್ತಿ ಕೆಳಗೆ, ಡ್ರೈನ್ ದಾರಿಯಲ್ಲಿ ಮೀಟರ್, ಮೈಕ್ ಬಾಯಿ ಮುಚ್ಚಿ ಮಾತಾಡುವ ಗುಂಡಿ (ಪಿಟಿಟಿ) ಒತ್ತಿ 100 ಮಿಲಿಆಂಪ್‌ಗೆ ನಿಲ್ಲಿಸಿ. ಬೇಸಿಗೆಯಲ್ಲಿ ನಾನು 80ಕ್ಕೇ ನಿಲ್ಲಿಸುತ್ತೇನೆ.

ಪವರ್ ಅಳೆಯಲು ವ್ಯಾಟ್‌ಮೀಟರ್ ಕೊಳ್ಳಬೇಡಿ. 1 ಕಿಲೋಓಮ್, 1 ವ್ಯಾಟ್ ಕಾರ್ಬನ್ ರೆಸಿಸ್ಟರ್ ಇಪ್ಪತ್ತು ಒಟ್ಟಿಗೆ ಪ್ಯಾರಲಲ್ ಹಾಕಿದರೆ ಆಂಟೆನಾದ ಬದಲಿಗೆ ಸೆಟ್ಟಿಗೆ ಜೋಡಿಸುವ 50 ಓಮ್ ಡಮ್ಮಿ ಲೋಡ್ ಸಿದ್ಧ. ವೈರ್‌ವೌಂಡ್ ಬೇಡ, ಅದು ಸುರುಳಿಯಂತೆ ವರ್ತಿಸುತ್ತದೆ. ಅದಕ್ಕೆ ಒಂದು 1ಎನ್4148 ಡಯೋಡ್, ಒಂದು 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ ಡಿಸಿ ಮೀಟರಿನಲ್ಲಿ 22 ವೋಲ್ಟ್ ಬಂದರೆ 5 ವ್ಯಾಟ್.

ಮೈಕ್ ಬಗ್ಗೆ ಬಹಳ ಜನ ಕೇಳುತ್ತಾರೆ, ‘ಐದು ವ್ಯಾಟ್ ಅನಸಂಗಿಲ್ಲ’ ಎನ್ನುತ್ತಾರೆ. ದಪ್ಪ ದನಿ ಕತ್ತರಿಸಿದರೆ ಅದೇ ಪವರ್ ಮಾತಿನ ಅರ್ಥ ಹೊರುವ ಭಾಗಕ್ಕೆ ಸಿಗುತ್ತದೆ, ಸೂತ್ರ ಅಷ್ಟೇ. ಎಷ್ಟು ಅಳತೆಯ ಕೆಪಾಸಿಟರ್, ಎಲ್ಲಿ ಹಾಕಿದೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ವಾರ ಕೂತರೆ ನಿಮಗೂ ಸಿಗುತ್ತದೆ.

ಆಂಟೆನಾಕ್ಕೆ ಬರೋಣ, ಕೆಲಸ ಮಾಡಿದ್ದು ಅದೇ. ನಮ್ಮ ಕಡೆ ಊರಿಗೆ ನಾಲ್ಕು ಮೋಟಾರ್ ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿ ತೂಕಕ್ಕೆ ಸಿಗುತ್ತದೆ, ಆನ್‌ಲೈನಿನಲ್ಲಿ ಆಂಟೆನಾ ವಾಯರ್ ಎಂದು ಹುಡುಕುವ ಗರಜೇ ಇಲ್ಲ. ಮೊದಲು 22 ಗೇಜಿನ ಎನಾಮಲ್ ತಂತಿ ಕಟ್ಟಿದೆ. ಮೆತ್ತನೆಯ ತಾಮ್ರ, ಆಷಾಢದ ಗಾಳಿಗೆ ಎಳೆದು ಎಳೆದು ಉದ್ದವಾಯಿತು, ತಿಂಗಳೊಳಗೆ ಟ್ಯೂನ್ ಕೆಳಗಿಳಿದು ಬ್ಯಾಂಡಿನ ಹೊರಗೆ ಹೋಯಿತು. ಈಗಿರುವುದು ಬೋರ್‌ವೆಲ್ ಮೋಟಾರಿಗೆ ಸುತ್ತುವ ಪ್ಲಾಸ್ಟಿಕ್ ಹೊದಿಕೆಯ 1.2 ಎಂ.ಎಂ. ತಂತಿ. ಕಾಲು ಕಿಲೊ ಇರಲಿ, ಇನ್ನೂರು ಚಿಲ್ಲರೆ ರೂಪಾಯಿ ಆಯಿತು ಅನ್ನಿ. ಕಟ್ಟುವ ಮುಂಚೆ ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ತುದಿ ಸಣ್ಣ ಕೋಲಿಗೆ ಸುತ್ತಿ ಇಬ್ಬರು ಹಿಂದಕ್ಕೆ ಜಗ್ಗಿ. ಹನ್ನೊಂದು ಮೀಟರಿಗೆ ಅರ್ಧ ಮೀಟರಿನಷ್ಟು ಉದ್ದವಾಗಿ ತಟ್ಟನೆ ಬಿಗಿಯಾಗುತ್ತದೆ. ಅಲ್ಲಿಗೆ ತಾಮ್ರ ಗಡಸಾಯಿತು, ಆಮೇಲೆ ಹಿಗ್ಗುವುದಿಲ್ಲ.

ಆಕಾರ ಇನ್ವರ್ಟೆಡ್ ವಿ, ಅಂದರೆ ತಲೆಕೆಳಗಾದ ವಿ: ನಡುವಿನ ಕಂಬ 9 ಮೀಟರ್, ತುದಿಗಳು 3 ಮೀಟರ್ ಎತ್ತರಕ್ಕೆ. ತುದಿ ಅದಕ್ಕಿಂತ ಕೆಳಗೆ ಬೇಡ, ಮಾತಾಡುವಾಗ ವೋಲ್ಟೇಜ್ ಹೆಚ್ಚಿರುವುದು ತುದಿಯಲ್ಲೇ, ಹಿತ್ತಲಿನಲ್ಲಿ ಎಮ್ಮೆ ಇರುತ್ತವೆ. ಒಂದೊಂದು ಕಾಲು 10.3 ಮೀಟರ್ ಇಟ್ಟು ಶುರು ಮಾಡಿದೆ, ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಹೊಂದಿದೆ ಎಂದು ತೋರಿಸುವ ನ್ಯಾನೊವಿಎನ್‌ಎ ಮೀಟರ್ 6.92 ಮೆಗಾಹರ್ಟ್ಸ್‌ನಲ್ಲಿ ತಗ್ಗು ತೋರಿಸಿತು. ಎರಡೂ ಕಡೆ ಮೂವತ್ತು ಸೆಂ.ಮೀ. ಮಡಚಿ ಸುತ್ತಿದ ಮೇಲೆ 7.12ಕ್ಕೆ ಬಂತು, ಎಸ್‌ಡಬ್ಲ್ಯುಆರ್ (ಹೊಂದಿಕೆಯ ಅಳತೆ, 1 ಆದರೆ ಪೂರ್ತಿ ಹೊಂದಿಕೆ) 1.4. ಕತ್ತರಿಸಬೇಡಿ, ಮಡಚಿ. ಮಳೆ ಬಿದ್ದು ಎರಿ ಮಣ್ಣು ನೆನೆದಾಗ ತಗ್ಗು ಒಂದಿಷ್ಟು ಸರಿಯುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ವಾಪಸ್. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೇಬಲ್ ಆರ್‌ಜಿ6, ಮೀಟರಿಗೆ ಹದಿನೈದು ರೂಪಾಯಿಯ ಡಿಶ್ ಕೇಬಲ್. 75 ಓಮ್ ಎಂದು ಮೂಗು ಮುರಿಯುವವರಿಗೆ: ಡೈಪೋಲಿನ (ಇಂಥ ಎರಡು ಕಾಲಿನ ಆಂಟೆನಾದ) ನಡುವೆ ಇರುವುದೂ ಅದರ ಆಸುಪಾಸೇ, ದಾರಿಯಲ್ಲಿ ಪವರ್ ನಷ್ಟವಂತೂ 50 ಓಮ್‌ನ ಆರ್‌ಜಿ58 ಕೇಬಲಿಗಿಂತ ಕಡಿಮೆ. ಮೋಸ ಇರುವುದು ಬೇರೆ ಎರಡು ಕಡೆ. ಹೊರಗಿನ ಜಾಳಿಗೆ ಅಲ್ಯೂಮಿನಿಯಂ, ಬೆಸುಗೆ ಹತ್ತುವುದಿಲ್ಲ. ಹತ್ತಿದಂತೆ ಕಾಣುತ್ತದೆ, ಒಂದು ಮಳೆಗೆ ಬಿಡುತ್ತದೆ. ಎಫ್ ಕನೆಕ್ಟರ್ ಕ್ರಿಂಪ್ ಮಾಡಿ, ತಾಮ್ರಕ್ಕೆ ಸೇರುವಲ್ಲಿ ಸ್ಟೀಲ್ ನಟ್ಟು ಬೋಲ್ಟು ಹಾಕಿ ಗ್ರೀಸ್ ಹಚ್ಚಿ. ಮೇಲೆ ಎಂ-ಸೀಲ್, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಎರಡನೆಯದು, ಒಳಗಿನ ಫೋಮ್ ಬಿಸಿಲಿಗೆ ಮೆತ್ತಗಾಗುತ್ತದೆ. ಚೋಕಿಗಾಗಿ (ಕೇಬಲಿನ ಹೊರಮೈ ಮೇಲೆ ಕರೆಂಟು ಹರಿಯದಂತೆ ತಡೆಯುವ ಸುರುಳಿ) ನಾಲ್ಕು ಇಂಚಿನ ಪಿವಿಸಿ ಪೈಪಿಗೆ ಬಿಗಿಯಾಗಿ ಸುತ್ತಿದ್ದೆ, ಮೇ ತಿಂಗಳಲ್ಲಿ ನಡುವಿನ ತಂತಿ ಫೋಮಿನೊಳಗೆ ಸರಿದು ಜಾಳಿಗೆಗೆ ತಾಗಿತು. ಕಂಬದ ಮೇಲಿನ ಶಾರ್ಟ್ ಹುಡುಕಲು ಎರಡು ಭಾನುವಾರ ಹೋದವು. ಈಗ ಆರು ಇಂಚಿನ ಪೈಪ್, ಹತ್ತು ಹನ್ನೊಂದು ಸುತ್ತು, ಸಡಿಲಾಗಿ.

ಕಂಬಕ್ಕೆ ಜಿಐ ಪೈಪ್, ಒಂದೂಕಾಲು ಇಂಚಿನೊಳಗೆ ಒಂದು ಇಂಚಿನದು. ಮಣ್ಣಿನ ಮಾಳಿಗೆ ಮೇಲೆ ನಿಲ್ಲಿಸಬೇಡಿ, ಸ್ಟೇ (ಕಂಬವನ್ನು ಜಗ್ಗಿ ಹಿಡಿಯುವ ಹಗ್ಗ, ತಂತಿ) ಹಿಡಿಯುವುದಿಲ್ಲ, ಮಾಳಿಗೆ ಸೋರುತ್ತದೆ, ಮನೆಯವರ ಬಾಯಿಗೆ ಆಹಾರವಾಗುತ್ತೀರಿ. ನೈಲಾನ್ ಹಗ್ಗದ ಸ್ಟೇ ನಮ್ಮ ಬಿಸಿಲಿಗೆ ಒಂದೇ ವರ್ಷ. ತಂತಿ ಸ್ಟೇ ಹಾಕಿದರೆ ನಡುನಡುವೆ ಲೈನ್ ಕಂಬಕ್ಕೆ ಹಾಕುವ ಪಿಂಗಾಣಿಯ ಮೊಟ್ಟೆ ಇನ್ಸುಲೇಟರ್ ಸೇರಿಸಿ, ಇಲ್ಲದಿದ್ದರೆ ಸ್ಟೇಯೇ ಆಂಟೆನಾ ಆಗುತ್ತದೆ. ಗುಡುಗು ಕಂಡ ಕೂಡಲೇ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ.

ಇಷ್ಟಾದರೂ ಮೊದಲ ತಿಂಗಳು ಏನೂ ಕೇಳಿಸಲಿಲ್ಲ, ಬರೀ ಗೊರಗೊರ. ಒಂದು ಸಂಜೆ ಕರೆಂಟು ಹೋಯಿತು, ಬ್ಯಾಂಡು ತೊಳೆದಿಟ್ಟಂತಾಯಿತು. ಗದ್ದಲವೆಲ್ಲ ಮನೆಯದೇ ಎಂದು ಆಗ ತಿಳಿಯಿತು. ಸೆಟ್ಟು ಬ್ಯಾಟರಿ ಮೇಲಿಟ್ಟು ಎಂಸಿಬಿ ಒಂದೊಂದಾಗಿ ಇಳಿಸಿದೆ, ಕೈಯಲ್ಲಿ ಮೀಡಿಯಂ ವೇವ್ ಟ್ರಾನ್ಸಿಸ್ಟರ್ ಹಿಡಿದು ಸುತ್ತಿದೆ. ಅರವತ್ತು ರೂಪಾಯಿಯ ಎಲ್‌ಇಡಿ ಬಲ್ಬ್ ಮೂರು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಒಂದು, ನನ್ನದೇ ಸೋಲಾರ್ ಚಾರ್ಜ್ ಕಂಟ್ರೋಲರ್ ಒಂದು. ಉಳಿದದ್ದು ಸೆಕೆಂಡಿಗೊಮ್ಮೆ ಟಕ್ ಟಕ್. ಅದು ಪಕ್ಕದ ಹೊಲದ ಬೇಲಿಯ ಝಟ್ಕಾ ಮಷೀನು. ಮಷೀನಿನದೇ ತಪ್ಪಲ್ಲ, ಬೇಲಿ ತಂತಿಗೆ ಹುಲ್ಲು ತಾಗಿ ಕಿಡಿ ಹಾರುವುದು. ಹೊಲದವರಿಗೆ ಹೇಳಿ ಬೇಲಿಗುಂಟ ಕಸ ಸವರಿಸಿದರೆ ಅವರ ಬೇಲಿಯ ಹೊಡೆತವೂ ಗಟ್ಟಿಯಾಗುತ್ತದೆ, ನಿಮ್ಮ ಬ್ಯಾಂಡೂ ಶಾಂತ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಬೋರ್ಡ್ 4500, ಸುಟ್ಟದ್ದು ಬಿಟ್ಟದ್ದು ಸೇರಿ 1200, ತಂತಿ ಕೇಬಲ್ 700, ಕಂಬ 3200, 12 ವೋಲ್ಟ್ 7 ಎಎಚ್ ಬ್ಯಾಟರಿ 1000, ನ್ಯಾನೊವಿಎನ್‌ಎಯನ್ನು ಇಬ್ಬರು ಕೂಡಿ ಕೊಂಡಿದ್ದರಿಂದ ನನ್ನ ಪಾಲು 2000, ಲೈಸೆನ್ಸು ಓಡಾಟ 2600. ಹದಿನೈದು ಸಾವಿರದ ಮೇಲೊಂದಿಷ್ಟು. ತಪ್ಪು ಮಾಡದವರಿಗೆ ಹದಿನಾಲ್ಕು ಸಾವಿರದಲ್ಲಿ ಮುಗಿಯಬಹುದು. ಬ್ಯಾಟರಿಗೆ 3 ಆಂಪ್ ಫ್ಯೂಸ್, ಫ್ಯೂಸಿನ ಈಚೆ ಸೆಟ್ಟಿನ ಕಡೆಗೆ ಪ್ಲಸ್‌ಗೂ ಮೈನಸ್‌ಗೂ ಅಡ್ಡಲಾಗಿ ಉಲ್ಟಾ 1ಎನ್5408 ಡಯೋಡ್. ತಂತಿ ಅದಲು ಬದಲಾದರೆ ಹೋಗುವುದು ಐದು ರೂಪಾಯಿಯ ಫ್ಯೂಸು.

ಸಂಜೆ ಏಳರ ಮೇಲೆ ಬೆಂಗಳೂರಿನವರ ದನಿ ಮುಳುಗುತ್ತದೆ, ಚಳಿಗಾಲದಲ್ಲಿ ಇನ್ನೂ ಬೇಗ. ಆಗ ದೂರದವರನ್ನು ಕೇಳುವ ಹುಚ್ಚಿಗೆ ದ್ರಾಕ್ಷಿ ಪಡದ ತಂತಿಗೆ ಕೈ ಹಾಕಿದೆ. ಎಪ್ಪತ್ತು ಮೀಟರಿನ ಸಾಲು, ಆಳೆತ್ತರದ ಜಿಐ ತಂತಿ, ಬರೀ ಕೇಳಲು. ಕಬ್ಬಿಣದ ಆಂಗಲ್ ಮೇಲಿದ್ದ ಸಾಲಿನಲ್ಲಿ ಏನೂ ಬರಲಿಲ್ಲ, ಪ್ರತಿ ಆಂಗಲ್ಲೂ ಅದನ್ನು ನೆಲಕ್ಕೆ ಸೇರಿಸಿಬಿಟ್ಟಿರುತ್ತದೆ. ಕಲ್ಲುಕಂಬದ ಹಳೆಯ ಸಾಲು, ಅಂಚಿನ ಒಂಟಿ ತಂತಿ ಚೆನ್ನಾಗಿ ಕೆಲಸ ಮಾಡಿತು. ಸಿಗ್ನಲ್ ಕಡಿಮೆಯೇ, ಆದರೆ ಗದ್ದಲ ಅದಕ್ಕಿಂತ ಕಡಿಮೆ. ಸುಟ್ಟ ಸಿಎಫ್‌ಎಲ್ ಬಲ್ಬಿನೊಳಗಿನ ಫೆರೈಟ್ ಉಂಗುರಕ್ಕೆ ತಂತಿ ಸುತ್ತಿ, ಉದ್ದ ತಂತಿಯನ್ನು ಕೇಬಲಿಗೆ ಹೊಂದಿಸುವ 9:1 ಟ್ರಾನ್ಸ್‌ಫಾರ್ಮರ್ ಮಾಡಿ, ಕ್ಲಿಪ್ಪಿನಿಂದ ತಂತಿಗೆ ಹಿಡಿಸಿದ್ದೆ. ಅಕ್ಟೋಬರಿನ ಚಾಟನಿಗೆ (ಬಳ್ಳಿ ಸವರುವ ಕೆಲಸಕ್ಕೆ) ಆಳುಗಳು ಬರುವ ಮುಂಚೆ ಅದನ್ನು ಬಿಚ್ಚಿಟ್ಟುಕೊಳ್ಳಿ. ನನ್ನದು ಕತ್ತರಿಸಿದ ಬಳ್ಳಿಯ ಜೊತೆಗೆ ಒಲೆಗೆ ಹೋಯಿತು.