ಹಕ್ಕಿ ಫೋಟೋಗೆ ಡಿಎಸ್‌ಎಲ್‌ಆರ್ ಬೇಕೇ ಬೇಕಾ?

ಹೊಸದಾಗಿ ಕ್ಯಾಮೆರಾ ತಗೊಳ್ಳುವವರಿಗೆ ಒಂದು ಮಾತು. ಶುರುವಿನ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಜೊತೆ ಬರುವ 18-55 ಎಂಎಂನ ಚಿಕ್ಕ ಲೆನ್ಸ್ ಹಿಡಿದು ಹೆಬ್ಬಾಳ ಕೆರೆಗೆ ಹೋದರೆ, ನೀರಿನ ನಡುವೆ ಕೂತ ಹೆಜ್ಜಾರ್ಲೆ ಫೋಟೋದಲ್ಲಿ ಅಕ್ಕಿಕಾಳಿನಷ್ಟು ಕಾಣುತ್ತದೆ. ನನಗೂ ಹಾಗೇ ಆಯಿತು. ಆಮೇಲೆ ದೊಡ್ಡ ಲೆನ್ಸ್ ತಗೊಂಡೆ. ಕೆರೆ ಏರಿ ಮೇಲೆ, ಗಾಳಿಯಲ್ಲಿ ಲೆನ್ಸ್ ಬದಲಿಸುವಾಗ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳು ಕೂತಿತು. ಆಕಾಶ ಇರುವ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಒಂದು ಬೂದು ಚುಕ್ಕೆ!

ಈಗ 1 ಇಂಚಿನ ಸೆನ್ಸರ್ ಇರುವ ಬ್ರಿಡ್ಜ್ ಕ್ಯಾಮೆರಾ ಬಳಸುತ್ತಿದ್ದೇನೆ. ಇದರಲ್ಲಿ ದೊಡ್ಡ ಜೂಮ್ ಲೆನ್ಸ್ ಕ್ಯಾಮೆರಾಗೇ ಸೇರಿಕೊಂಡಿರುತ್ತದೆ, ಬದಲಿಸುವ ಗೋಜೇ ಇಲ್ಲ. ಪ್ಯಾನಸಾನಿಕ್ ಎಫ್‌ಜೆಡ್1000 ಜೂಮ್ 35 ಎಂಎಂ ಫಿಲ್ಮ್ ಕ್ಯಾಮೆರಾ ಲೆಕ್ಕದಲ್ಲಿ 25-400 ಎಂಎಂಗೆ ಸಮ (ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಸೋನಿ ಆರ್‌ಎಕ್ಸ್10 ಮಾರ್ಕ್ 4ರದ್ದು 24-600. ಎರಡರಲ್ಲೂ ಪೂರ್ತಿ ಜೂಮ್ ಮಾಡಿದಾಗಲೂ ಎಫ್4 ಸಿಗುತ್ತದೆ, ಅಂದರೆ ಲೆನ್ಸ್ ಸಾಕಷ್ಟು ಬೆಳಕು ಒಳಗೆ ಬಿಡುತ್ತದೆ. ಬೆಳಗಿನ ಮಂದ ಬೆಳಕಿನಲ್ಲಿ ಇದು ದೊಡ್ಡ ಉಪಕಾರ. ಸೋನಿ ಮಾತ್ರ ಹಗುರ ಅಲ್ಲ, ಸುಮಾರು 1.1 ಕೆಜಿ ಇದೆ.

'83 ಎಕ್ಸ್ ಜೂಮ್' ಅಂತ ನೋಡಿ ಸುಮ್ನೆ ಮರುಳಾಗಬೇಡಿ. ಅಂಥವುಗಳಲ್ಲಿ ಇರುವುದು 1/2.3 ಇಂಚಿನ ಪುಟ್ಟ ಸೆನ್ಸರ್. 1 ಇಂಚಿನದು ಅದರ ನಾಲ್ಕರಷ್ಟು ದೊಡ್ಡದು. ಸೆನ್ಸರ್ ದೊಡ್ಡದಾದಷ್ಟೂ ಮಂದ ಬೆಳಕಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ಹಾಗಂತ ಡಿಎಸ್‌ಎಲ್‌ಆರ್ ಸೆನ್ಸರ್ ಇನ್ನೂ ಜಾಸ್ತಿ ದೊಡ್ಡದು. ನೀವು ತೆಗೆಯುವುದು ಹೆಚ್ಚಾಗಿ ಮದುವೆ ಛತ್ರದ ಫೋಟೋ, ಮಕ್ಕಳ ಮುಖ ಅಂದರೆ ಅದನ್ನೇ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಬ್ರಿಡ್ಜ್ ಕ್ಯಾಮೆರಾ ನೋಡುತ್ತಿದ್ದರೆ ಅಂಗಡಿಯಲ್ಲೇ ಜೂಮ್ ಪೂರ್ತಿ ಚಾಚಿಸಿ. ಕರಕರ ಸದ್ದು ಬಂದರೆ ಬೇಡ. ಬಿಳಿ ಗೋಡೆಯದೂ ಒಂದು ಫೋಟೋ ತೆಗೆದು ಚುಕ್ಕೆ ಹುಡುಕಿ. ಇದರಲ್ಲಿ ಒಳಗೆ ಧೂಳು ಸೇರಿದರೆ ಮನೆಯಲ್ಲಿ ಒರೆಸೋಕೆ ಆಗಲ್ಲ, ಬಿಚ್ಚಿಸಲೇಬೇಕು.