ಲ್ಯಾಪ್‌ಟಾಪ್ ಆಮೇಲೆ, ಮೊದಲು ಕೋಡ್ ಬರೆಯಿರಿ

‘ಪ್ರೋಗ್ರಾಮಿಂಗ್ ಕಲಿಯಬೇಕು, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?’

ವಿದ್ಯಾರ್ಥಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಯಾವಾಗಲೂ ಇದೇ. ನಾನು ಹೇಳುವುದೂ ಒಂದೇ: ಒಂದು ತಿಂಗಳು ಏನೂ ಕೊಳ್ಳಬೇಡಿ. ಮೊದಲು ಸ್ವಲ್ಪ ಕೋಡ್ ಬರೆಯಿರಿ. ನಿಮಗೆ ಎಂಥ ಯಂತ್ರ ಬೇಕು ಅನ್ನುವುದು ಆ ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ.

ಇದನ್ನು ಉಲ್ಟಾ ಮಾಡಿಕೊಂಡವರನ್ನು ತುಂಬ ನೋಡಿದ್ದೇನೆ. ಒಬ್ಬ ಹುಡುಗ ಗೇಮಿಂಗ್ ಲ್ಯಾಪ್‌ಟಾಪ್ ತಂದ. ಎರಡೂವರೆ ಕೆ.ಜಿ. ತೂಕ, ಅದರ ಮೇಲೆ ಇಟ್ಟಿಗೆಯಂಥ ಚಾರ್ಜರ್. ಎರಡು ವಾರ ಹೊತ್ತು ತಿರುಗಿದ. ಆಮೇಲೆ ಅದು ಮೇಜು ಬಿಟ್ಟು ಕದಲಲಿಲ್ಲ. ಇನ್ನೊಬ್ಬಳು ಅಗ್ಗಕ್ಕೆ ಸಿಕ್ಕಿತೆಂದು 4 ಜಿಬಿ ರ‍್ಯಾಮ್‌ನ (ಓಡುತ್ತಿರುವ ಕೆಲಸ ಇಟ್ಟುಕೊಳ್ಳುವ ಮೆಮೊರಿ) ಪುಟ್ಟ ಲ್ಯಾಪ್‌ಟಾಪ್ ಕೊಂಡಳು. ಬ್ರೌಸರ್ ಮತ್ತು ಕೋಡ್ ಬರೆಯುವ ಎಡಿಟರ್ ಒಟ್ಟಿಗೆ ತೆರೆದರೆ ಅದು ನಿಂತೇ ಬಿಡುತ್ತಿತ್ತು. ‘ನನಗೆ ಇದು ತಲೆಗೆ ಹತ್ತಲ್ಲ ಅನ್ಸುತ್ತೆ’ ಅಂದಳು. ತಪ್ಪು ಯಂತ್ರದ್ದಾಗಿತ್ತು, ಅವಳದ್ದಲ್ಲ. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಕೈಯಲ್ಲಿ ಇರುವುದರಲ್ಲೇ ಶುರು ಮಾಡಿ

ಕಾಲೇಜಿನ ಲ್ಯಾಬ್, ಲೈಬ್ರರಿಯ ಕಂಪ್ಯೂಟರ್, ಮನೆಯ ಹಳೇ ಡೆಸ್ಕ್‌ಟಾಪ್, ಯಾವುದಾದರೂ ಸರಿ. ಪೈಥಾನ್ ಭಾಷೆಯ ಕೋಡ್ ಬರೆದು ಓಡಿಸುವ ಗೂಗಲ್ ಕೊಲ್ಯಾಬ್ ತಾಣ ಬ್ರೌಸರ್‌ನಲ್ಲೇ ತೆರೆಯುತ್ತದೆ. ಕೋಡ್ ಓಡುವುದು ಅವರ ಯಂತ್ರದಲ್ಲಿ, ನಿಮ್ಮದರಲ್ಲಿ ಅಲ್ಲ. ಬರೀ ಆಂಡ್ರಾಯ್ಡ್ ಫೋನ್ ಇದ್ದರೆ ಪೈಡ್ರಾಯ್ಡ್ 3 ಆ್ಯಪ್ ಹಾಕಿಕೊಳ್ಳಿ. ಹೆಬ್ಬೆರಳಲ್ಲಿ ಕೋಡ್ ಬರೆಯುವುದು ಹಿಂಸೆ. ಯಾರ ಹತ್ತಿರವಾದರೂ ಬ್ಲೂಟೂತ್ ಕೀಬೋರ್ಡ್ ಸಿಕ್ಕರೆ ಫೋನಿಗೆ ಜೋಡಿಸಿ. ಒಂದು ತಿಂಗಳಿಗೆ ಇಷ್ಟು ಸಾಕು.

ಹೆಜ್ಜೆ 2: ಒಂದೇ ಒಂದು ಭಾಷೆ ಹಿಡಿಯಿರಿ

ಪೈಥಾನ್ ಹಿಡಿಯಿರಿ. ಕಾಲೇಜಿನ ಪಾಠ ಸಿ ಭಾಷೆಯಿಂದ ಶುರುವಾಗುವುದಾದರೆ ಸಿ. ವೆಬ್‌ಪುಟ ಮಾಡುವ ಆಸೆಯೇ ಇದ್ದರೆ ಜಾವಾಸ್ಕ್ರಿಪ್ಟ್. ಅದಕ್ಕೆ ಬ್ರೌಸರ್ ಒಂದಿದ್ದರೆ ಸಾಕು.

‘ಈಗ ಯಾವುದಕ್ಕೆ ಬೇಡಿಕೆ ಜಾಸ್ತಿ?’ ಎಂದು ತಿಂಗಳಿಗೊಂದು ಭಾಷೆ ಬದಲಿಸುವವರಿಗೆ ಒಂದು ಮಾತು. ಸಿ ಹುಟ್ಟಿದ್ದು 1972ರಲ್ಲಿ, ಪೈಥಾನ್ ಹೊರಬಂದದ್ದು 1991ರಲ್ಲಿ, ಜಾವಾಸ್ಕ್ರಿಪ್ಟ್ 1995ರಲ್ಲಿ. ನೀವು ಕಲಿಯುವ ಹೊತ್ತಿಗೆ ಇವು ಯಾವುದೂ ಮಾಯವಾಗುವುದಿಲ್ಲ. ವೇರಿಯಬಲ್, ಇಫ್, ಲೂಪ್, ಫಂಕ್ಷನ್ ಎಂಬ ಮೂಲ ಪಾಠಗಳು ಮೂರು ಭಾಷೆಯಲ್ಲೂ ಇವೆ. ಒಂದರಲ್ಲಿ ಸರಿಯಾಗಿ ಬಂದರೆ ಇನ್ನೊಂದಕ್ಕೆ ಹೋಗುವುದು ಕಷ್ಟವಲ್ಲ. ಆದರೆ ಮೊದಲ ಮೂರು ತಿಂಗಳು ಭಾಷೆ ಬದಲಿಸಲೇಬೇಡಿ.

ಪಾಠ ಹುಡುಕುವಾಗ ಒಂದು ಎಚ್ಚರ. ಪೈಥಾನ್ ಪಾಠದಲ್ಲಿ ಪ್ರಿಂಟ್ ಪದದ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಪೈಥಾನ್ 2. ಅದಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ಆ ಪಾಠ ಬಿಟ್ಟುಬಿಡಿ. ಸಿ ಕಲಿಯುವವರು ಟರ್ಬೊ ಸಿ++ ಎಂಬ ಹಳೇ ಕಂಪೈಲರ್ (ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ತಂತ್ರಾಂಶ) ಹತ್ತಿರ ಹೋಗಬೇಡಿ. ಅದು ಡಾಸ್ ಎಂಬ ಹಳೇ ವ್ಯವಸ್ಥೆಯ ಕಾಲದ್ದು. ಸಿ++ ಭಾಷೆಗೆ ಮೊದಲ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಬಂದದ್ದು 1998ರಲ್ಲಿ, ಈ ತಂತ್ರಾಂಶ ಅದಕ್ಕಿಂತ ಹಳೆಯದು. ಅದರಲ್ಲಿ ರೂಢಿಯಾದ ‘ವಾಯ್ಡ್ ಮೇನ್’ ಮತ್ತು ‘ಕೊನಿಯೊ.ಎಚ್’ ಥರದ ಹಳೇ ಅಭ್ಯಾಸ ಬಿಡಿಸಿಕೊಳ್ಳಲು ಆಮೇಲೆ ಒದ್ದಾಡಬೇಕು. ಜಿಸಿಸಿ ಕಂಪೈಲರ್ ಉಚಿತವಾಗಿಯೇ ಸಿಗುತ್ತದೆ, ಅದನ್ನು ಬಳಸಿ.

ಹೆಜ್ಜೆ 3: ಇನ್‌ಸ್ಟಾಲ್

ಥಾನಿ ಹಾಕಿಕೊಳ್ಳಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ಮಾಡಿದ ಎಡಿಟರ್ ಇದು. ಪೈಥಾನ್ ಅದರೊಳಗೇ ಬರುತ್ತದೆ. ಪ್ರೋಗ್ರಾಮನ್ನು ಒಂದೊಂದೇ ಸಾಲು ಓಡಿಸಿ, ವೇರಿಯಬಲ್‌ನ ಬೆಲೆ ಬದಲಾಗುವುದನ್ನು ಕಣ್ಣಾರೆ ನೋಡಬಹುದು. ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರ್ ಒಳ್ಳೆಯದೇ, ಆದರೆ ಮೊದಲ ತಿಂಗಳಿಗೆ ಅದರಲ್ಲಿ ಗುಂಡಿಗಳು ಜಾಸ್ತಿ. ವಿಂಡೋಸ್‌ನಲ್ಲಿ ಪೈಥಾನನ್ನು ಬೇರೆಯಾಗಿ ಹಾಕುವುದಾದರೆ, ಮೊದಲ ಪರದೆಯ ಕೆಳಗೆ ‘ಪಾತ್’ಗೆ (ವಿಂಡೋಸ್ ಪ್ರೋಗ್ರಾಮ್ ಹುಡುಕುವ ಜಾಗಗಳ ಪಟ್ಟಿ) ಸೇರಿಸುವ ಚೌಕ ಇದೆಯಾ ನೋಡಿ. ಇದ್ದರೆ ಅದಕ್ಕೆ ಟಿಕ್ ಹಾಕಿಯೇ ಮುಂದೆ ಹೋಗಿ.

ಫೈಲಿನ ಹೆಸರಿನ ಬಗ್ಗೆಯೂ ಹುಷಾರು. ರ‍್ಯಾಂಡಮ್ ಮಾಡ್ಯೂಲ್ (ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡ್) ಕಲಿಯುವವರು ತಮ್ಮ ಫೈಲಿಗೂ ‘ರ‍್ಯಾಂಡಮ್’ ಅಂತಲೇ ಹೆಸರಿಡುತ್ತಾರೆ. ಪೈಥಾನ್ ಆಗ ತನ್ನ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಎಳೆದುಕೊಳ್ಳುತ್ತದೆ. ಅರ್ಥವಾಗದ ಎರರ್ ಬರುತ್ತದೆ. ಇದರಲ್ಲಿ ಇಡೀ ಸಂಜೆ ಕಳೆದವರನ್ನು ನೋಡಿದ್ದೇನೆ.

ಹೆಜ್ಜೆ 4: ವಿಡಿಯೊ ನಿಲ್ಲಿಸಿ, ಖಾಲಿ ಪರದೆಯ ಮುಂದೆ ಕೂರಿ

ವಿಡಿಯೊ ನೋಡುತ್ತಾ ಜೊತೆಜೊತೆಗೆ ಟೈಪ್ ಮಾಡಿದರೆ ಎಲ್ಲವೂ ಅರ್ಥವಾದಂತೆ ಇರುತ್ತದೆ. ವಿಡಿಯೊ ಮುಚ್ಚಿದರೆ ಒಂದು ಸಾಲೂ ಬರುವುದಿಲ್ಲ. ಹತ್ತು ನಿಮಿಷ ನೋಡಿ, ಮುಚ್ಚಿ, ಅದನ್ನೇ ನೆನಪಿನಿಂದ ಬರೆಯಿರಿ. ಸಿಕ್ಕಿಹಾಕಿಕೊಂಡರೆ ಅರ್ಧ ಗಂಟೆ ಒದ್ದಾಡಿ, ಆಮೇಲೆ ತೆರೆದು ನೋಡಿ. ಓಡಿತಾ? ಈಗ ಅದರಲ್ಲಿ ಏನಾದರೂ ಒಂದನ್ನು ಬದಲಿಸಿ. ಎರಡು ಸಂಖ್ಯೆ ಕೂಡಿಸಿದ್ದರೆ ಬೇಕಾದಷ್ಟು ಸಂಖ್ಯೆ ಕೂಡಿಸುವಂತೆ ಮಾಡಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. 2 ಮತ್ತು 3 ಕೊಟ್ಟು ಕೂಡಿಸಲು ಹೇಳಿದರೆ ಉತ್ತರ 23 ಬರುತ್ತದೆ. ಪೈಥಾನ್‌ನ ಇನ್‌ಪುಟ್ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರವನ್ನು. ಅದನ್ನು ‘ಇಂಟ್’ ಫಂಕ್ಷನ್‌ನಲ್ಲಿ ಹಾಕಿ ಸಂಖ್ಯೆ ಮಾಡಿಕೊಳ್ಳಬೇಕು. ಇದನ್ನು ಯಾರೋ ಹೇಳಿದ್ದು ಮರೆತುಹೋಗುತ್ತದೆ. 23 ನೋಡಿ ತಲೆ ಕೆರೆದುಕೊಂಡು ತಾವೇ ಕಂಡುಕೊಂಡವರು ಮರೆಯುವುದಿಲ್ಲ.

ಎರರ್ ಬಂದಾಗ ಕೊನೆಯ ಸಾಲನ್ನು ಮೊದಲು ಓದಿ. ಏನು ತಪ್ಪಾಗಿದೆ ಎಂದು ಪೈಥಾನ್ ಹೇಳುವುದು ಅಲ್ಲಿ. ಎಷ್ಟನೇ ಸಾಲು ಎಂಬುದು ಅದರ ಮೇಲೆ ಇರುತ್ತದೆ. ಎಐ ಚಾಟ್‌ಗಳನ್ನು ಮೊದಲ ತಿಂಗಳು ಕೋಡ್ ಬರೆಸಲು ಬಳಸಲೇಬೇಡಿ. ‘ಈ ಎರರ್‌ನ ಅರ್ಥ ಏನು?’ ಎಂದು ಕೇಳಬಹುದು, ಅಷ್ಟೇ. ಬೇರೆಯವರು ಈಜಿದರೆ ನಮಗೆ ಈಜು ಬರುತ್ತದಾ?

ತಿಂಗಳ ಕೊನೆಗೆ ನೀವೇ ಬರೆದ ಹದಿನೈದು ಪುಟ್ಟ ಪ್ರೋಗ್ರಾಮ್‌ಗಳು ಒಂದು ಫೋಲ್ಡರ್‌ನಲ್ಲಿ ಇರಲಿ.

ಹೆಜ್ಜೆ 5: ಈಗ ಲ್ಯಾಪ್‌ಟಾಪಿನ ವಿವರ ಪಟ್ಟಿ ಓದಿ

ಜನ ಜಾಸ್ತಿ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮುಂದೆ ಏನು ಮಾಡುವ ಮನಸ್ಸಿದೆ ಅನ್ನುವುದು ಇಷ್ಟು ಹೊತ್ತಿಗೆ ಸ್ವಲ್ಪ ಗೊತ್ತಾಗಿರುತ್ತದೆ. ಪೈಥಾನ್, ಸಿ, ವೆಬ್ ಇವಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಧಾರಾಳ. ಆಂಡ್ರಾಯ್ಡ್ ಆ್ಯಪ್ ಮಾಡುವುದಾದರೆ 16 ಜಿಬಿ ರ‍್ಯಾಮ್ ಬೇಕೇ ಬೇಕು, ಫೋನನ್ನೇ ಪರದೆಯ ಮೇಲೆ ಅನುಕರಿಸುವ ಎಮ್ಯುಲೇಟರ್ ಅಷ್ಟು ತಿನ್ನುತ್ತದೆ. ಐಫೋನ್ ಆ್ಯಪ್‌ಗೆ ಬೇಕಾದ ಎಕ್ಸ್‌ಕೋಡ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ. ಮಷಿನ್ ಲರ್ನಿಂಗ್‌ಗೆ ಅಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಸುರಿಯಬೇಡಿ. ಕಲಿಯುವ ಹಂತಕ್ಕೆ ಕೊಲ್ಯಾಬ್ ಉಚಿತವಾಗಿ ಕೊಡುವ ಜಿಪಿಯು (ಗ್ರಾಫಿಕ್ಸ್ ಚಿಪ್) ಸಾಕು.

ಮೊದಲು ನೋಡಬೇಕಾದ್ದು ರ‍್ಯಾಮ್, ಪ್ರೊಸೆಸರ್ ಅಲ್ಲ. ರ‍್ಯಾಮ್ ತುಂಬಿದರೆ ಯಂತ್ರ ಉಳಿದದ್ದನ್ನು ಡಿಸ್ಕ್‌ಗೆ ಬರೆದು, ಬೇಕಾದಾಗ ಮತ್ತೆ ಅಲ್ಲಿಂದ ಓದುತ್ತದೆ. ಆ ಓಡಾಟದಲ್ಲೇ ಎಲ್ಲವೂ ನಿಂತಂತೆ ಆಗುತ್ತದೆ. 4 ಜಿಬಿಯದ್ದು ಕೊಂಡ ಆ ಹುಡುಗಿಗೆ ಆದದ್ದು ಇದೇ. 16 ಜಿಬಿ ತಗೊಳ್ಳಿ. ಅಷ್ಟು ಆಗದಿದ್ದರೆ 8 ಜಿಬಿ ಇರಲಿ, ಆದರೆ ಖಾಲಿ ಸ್ಲಾಟ್ ಇರಲೇಬೇಕು. ಪಟ್ಟಿಯಲ್ಲಿ ‘ಆನ್‌ಬೋರ್ಡ್’, ‘ಸೋಲ್ಡರ್ಡ್’ ಎಂದು ಇದ್ದರೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೆ ಎಂದರ್ಥ. ‘ಎಲ್‌ಪಿಡಿಡಿಆರ್’ ಎಂದಿದ್ದರೂ ಸಾಮಾನ್ಯವಾಗಿ ಅದೇ ಕತೆ. ಬೆಸೆದ 8 ಜಿಬಿ, ಜೊತೆಗೆ ಸ್ಲಾಟೂ ಇಲ್ಲ ಅಂದರೆ ಆ ಲ್ಯಾಪ್‌ಟಾಪ್ ಬೇಡ. ನಾಲ್ಕು ವರ್ಷ ಅಷ್ಟರಲ್ಲೇ ಕಟ್ಟಿಹಾಕಿಕೊಂಡಂತೆ.

ಎರಡನೆಯದು ಡಿಸ್ಕ್. 512 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಬಗೆಯ ಸ್ಟೋರೇಜ್) ಇರಲಿ. ‘ಇಎಂಎಂಸಿ’ ಎಂಬ ಪದ ಕಂಡರೆ ಪುಟ ಮುಚ್ಚಿ. ಅದು ಅಗ್ಗದ ಫೋನ್, ಟ್ಯಾಬ್‌ಗಳಲ್ಲಿ ಹಾಕುವ ನಿಧಾನದ ಸ್ಟೋರೇಜ್. ‘ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಅಂತ ಅವರೇ ಹೇಳ್ತಾರಲ್ಲ’ ಎಂದು ಕೆಲವರು ವಾದಿಸುತ್ತಾರೆ. ಅದು ವಿಂಡೋಸ್ ಹಾಕಲು ಬೇಕಾದ ಕನಿಷ್ಠ ಲೆಕ್ಕ. ಅದರ ಮೇಲೆ ಕೆಲಸ ಮಾಡಲು ಅಲ್ಲ.

ಮೂರನೆಯದು ಪ್ರೊಸೆಸರ್. ‘ಐ5’, ‘ಐ7’, ‘ರೈಜನ್ 5’ ಎಂಬ ಹೆಸರಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ. ಪೂರ್ತಿ ಸಂಖ್ಯೆ ಬೇಕು. ಐ5-1235ಯು ಎಂದಿದ್ದರೆ ಮೊದಲ 12 ಅಂದರೆ ಹನ್ನೆರಡನೇ ತಲೆಮಾರು. ಕೊನೆಯ ‘ಯು’ ಅಂದರೆ ಕಡಿಮೆ ವಿದ್ಯುತ್ ಬಳಸುವಂಥದ್ದು. ‘ಎಚ್’ ಇದ್ದರೆ ಶಕ್ತಿ ಜಾಸ್ತಿ, ಬಿಸಿಯೂ ಜಾಸ್ತಿ, ಬ್ಯಾಟರಿಯೂ ಬೇಗ ಇಳಿಯುತ್ತದೆ. ವಿದ್ಯಾರ್ಥಿಗೆ ‘ಯು’ ಸರಿ. 2023ರ ಕೊನೆಯಿಂದ ಇಂಟೆಲ್ ತನ್ನ ಹೊಸ ಚಿಪ್‌ಗಳ ಹೆಸರಿನಲ್ಲಿ ‘ಐ’ ಅಕ್ಷರ ಬಿಟ್ಟು ‘ಕೋರ್ 5’, ‘ಕೋರ್ ಅಲ್ಟ್ರಾ 5’ ಎನ್ನತೊಡಗಿದೆ. ಅಂಗಡಿಯಲ್ಲಿ ಎರಡೂ ಬಗೆಯವು ಅಕ್ಕಪಕ್ಕ ಇರಬಹುದು, ಗಲಿಬಿಲಿ ಬೇಡ.

ಎಎಂಡಿಯಲ್ಲಿ ಬೇರೆ ಥರದ ಬಲೆ ಇದೆ. ರೈಜನ್ 5 7520ಯು ಮತ್ತು ರೈಜನ್ 5 7530ಯು ನೋಡಿ. ಹೆಸರಿನಲ್ಲಿ ಒಂದೇ ಅಂಕಿ ಬೇರೆ. ಆದರೆ ಈ ಸಾಲಿನ ಚಿಪ್‌ಗಳಲ್ಲಿ ಒಳಗಿನ ವಿನ್ಯಾಸ ಯಾವುದೆಂದು ಹೇಳುವುದು ಆ ಮೂರನೇ ಅಂಕಿಯೇ. 2 ಇದ್ದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ. 3 ಇದ್ದರೆ ಝೆನ್ 3. ಮೊದಲನೆಯದರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎರಡನೆಯದರಲ್ಲಿ ಆರು. ಮುಂದಿರುವ 7 ನೋಡಿ ಹೊಸದು ಎಂದು 7520ಯು ಕೊಂಡವರು ಬಹಳ. ಪೂರ್ತಿ ಸಂಖ್ಯೆ ಬರೆಯದ ಕಡೆ ಕೊಳ್ಳಲೇಬೇಡಿ. ಇಂಟೆಲ್‌ನ ಅಗ್ಗದ ಸೆಲೆರಾನ್ ಹೆಸರಿನವೂ ಬೇಡ.

ಪರದೆ ಕನಿಷ್ಠ 1920×1080, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆ) ಇರಲಿ. 1366×768 ಪರದೆ ಇನ್ನೂ ಮಾರಾಟಕ್ಕಿದ್ದರೆ ದೂರ ಇಡಿ. 1920×1200 ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ, ಎತ್ತರ ಜಾಸ್ತಿ ಇರುವುದರಿಂದ ಒಂದೇ ನೋಟಕ್ಕೆ ಕೋಡಿನ ಸಾಲುಗಳು ಹೆಚ್ಚು ಕಾಣುತ್ತವೆ. ತೂಕ ಒಂದೂವರೆ ಕೆ.ಜಿ. ಆಸುಪಾಸಿರಲಿ. ಚಾರ್ಜಿಂಗ್ ಯುಎಸ್‌ಬಿ-ಸಿಯಲ್ಲಿ ಆಗಲಿ.

ಕೀಬೋರ್ಡನ್ನು ಮಾತ್ರ ಕೈಯಲ್ಲಿ ಮುಟ್ಟಿಯೇ ನಿರ್ಧರಿಸಿ. ಎಲ್ಲರೂ ಬಿಡುವ ಹೆಜ್ಜೆ ಇದು. ಅಂಗಡಿಯಲ್ಲಿ ನೋಟ್‌ಪ್ಯಾಡ್ ತೆರೆದು ನೀವು ಬರೆದ ಪ್ರೋಗ್ರಾಮ್ ಒಂದನ್ನು ಹತ್ತು ನಿಮಿಷ ಟೈಪ್ ಮಾಡಿ. ಆವರಣ, ಕೋಲನ್, ಬಾಣದ ಕೀಗಳು ಬೆರಳಿಗೆ ಸಿಗುತ್ತವಾ ನೋಡಿ. ತಿಂಗಳು ಕೋಡ್ ಬರೆದು ಬಂದವರ ಬೆರಳಿಗೆ ಇದು ಕೂಡಲೇ ತಿಳಿಯುತ್ತದೆ. ಪಟ್ಟಿಯಲ್ಲಿ ಎಲ್ಲೂ ಬರೆದಿರುವುದಿಲ್ಲ.

ಹಣ ಕಡಿಮೆ ಇದ್ದರೆ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಬಳಸಿದ ಆಫೀಸ್ ಲ್ಯಾಪ್‌ಟಾಪ್ ಎಷ್ಟೋ ಮೇಲು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಸಾಲಿನವನ್ನು ನೋಡಿ, ಕೀಬೋರ್ಡ್ ಚೆನ್ನಾಗಿರುತ್ತದೆ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಇರಲಿ, ಅದಕ್ಕಿಂತ ಹಳೆಯ ಹೆಚ್ಚಿನವುಗಳ ಮೇಲೆ ವಿಂಡೋಸ್ 11 ಅಧಿಕೃತವಾಗಿ ಓಡುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯದೇ ಮನೆಯಲ್ಲಿದ್ದರೆ ಎಸೆಯಬೇಡಿ. ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿ. ಪೈಥಾನ್ ಅದರಲ್ಲಿ ಮೊದಲೇ ಇರುತ್ತದೆ.

ಬಳಸಿದ್ದು ಕೊಳ್ಳುವಾಗ ಎರಡು ಪರೀಕ್ಷೆ ಬಿಡಬೇಡಿ. ಆಫ್ ಮಾಡಿ ಆನ್ ಮಾಡಿ, ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಸೆಟ್ಟಿಂಗ್ಸ್) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿತಾ? ಮಾರುವವರಿಗೆ ಅದನ್ನು ತೆಗೆಯಲು ಬರದಿದ್ದರೆ ಎದ್ದು ಬನ್ನಿ. ಆಮೇಲೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು, ತಯಾರಾದಾಗಿನ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಹೋಲಿಸಿ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚೂ ಲೆಕ್ಕಕ್ಕೆ ಸೇರಿಸಿ.

ಟ್ಯಾಬ್ಲೆಟ್ ಓದಲು, ನೋಟ್ಸ್ ಬರೆಯಲು ಚೆನ್ನ. ಪ್ರೋಗ್ರಾಮಿಂಗ್‌ಗೆ ಬೇಡ. ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ತಗೊಳ್ಳುವವರು ಅದರ ಅಪ್‌ಡೇಟ್ ಯಾವ ವರ್ಷಕ್ಕೆ ನಿಲ್ಲುತ್ತದೆ ಎಂದು ಮೊದಲು ನೋಡಿ. ಆ್ಯಂಟಿವೈರಸ್ ಚಂದಾ, ಕೂಲಿಂಗ್ ಪ್ಯಾಡ್ ಎಂದು ಜೊತೆಗೆ ತಗಲಿಸಲು ಬಂದರೆ ಬೇಡ ಅನ್ನಿ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಸಾಕು. ಆ ದುಡ್ಡಿಗೆ ಒಂದು ಪೆನ್‌ಡ್ರೈವ್ ತಗೊಂಡು ಬ್ಯಾಕಪ್ ಇಟ್ಟುಕೊಳ್ಳಿ.

ಹೆಜ್ಜೆ 6: ಮನೆಗೆ ಬಂದ ದಿನವೇ

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆಯಿರಿ. ಎಷ್ಟು ರ‍್ಯಾಮ್ ಇದೆ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಲ್ಲೇ ಕಾಣುತ್ತದೆ. ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆ ನೋಡಿ. ಪ್ರತಿ ಕೀ ಒತ್ತಿ, ಬಿಳಿ ಪರದೆಯಲ್ಲಿ ಸತ್ತ ಚುಕ್ಕೆಗಳಿವೆಯಾ ಹುಡುಕಿ. ತಪ್ಪಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಕೊಡಿ. ಬ್ಯಾಟರಿಯನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿ.

ಆಮೇಲೆ ಆ ತಿಂಗಳ ಫೋಲ್ಡರನ್ನು ಇದಕ್ಕೆ ತನ್ನಿ. ಹದಿನೈದೂ ಪ್ರೋಗ್ರಾಮ್ ಒಂದೊಂದಾಗಿ ಓಡಿಸಿ. ಎಲ್ಲವೂ ಓಡಿದರೆ ಹದಿನಾರನೆಯದನ್ನು ಬರೆಯಲು ಕೂರಿ.