ಕಾಶಿಯ ಘಾಟ್‌ಗಳನ್ನು ನಡೆದು ನೋಡುವುದು ಹೇಗೆ?

ನಮ್ಮ ಊರುಗಳಿಂದ ಕಾಶಿಗೆ ಹೋದವರ ಪ್ರವಾಸ ಹೆಚ್ಚಾಗಿ ಒಂದೇ ಬಗೆಯದು. ವಿಶ್ವನಾಥನ ದರ್ಶನ, ಸಂಜೆ ಗಂಗಾರತಿ, ಮರುದಿನ ಅರ್ಧ ಗಂಟೆ ದೋಣಿ, ಬೆಸುಗೆ ಹಾಕಿಸಿದ ಗಂಗಾಜಲದ ಗಿಂಡಿ, ಮತ್ತೆ ರೈಲು. ದೋಣಿಯಿಂದ ಕಾಣುವುದು ಘಾಟ್‌ಗಳ ಮುಖ ಮಾತ್ರ. ಯಾರು ಕಟ್ಟಿಸಿದರು, ನೀರು ಎಲ್ಲಿಯವರೆಗೆ ಏರಿತ್ತು, ಯಾವ ಮೆಟ್ಟಿಲು ಎಷ್ಟು ಸವೆದಿದೆ ಎಂಬುದೆಲ್ಲ ನಡೆದವರಿಗಷ್ಟೇ ಸಿಗುವ ಸಂಗತಿ. ನಾನು ಎರಡು ಸಲ ದೋಣಿ ಹತ್ತಿ ನೋಡಿ ಬಂದೆ, ಮೂರನೆಯ ಸಲ ನಡೆದೆ. ಕಾಶಿ ನೋಡಿದ್ದೇನೆ ಎಂದು ಹೇಳುವ ಧೈರ್ಯ ಬಂದದ್ದು ಆಮೇಲೆಯೇ.

ಕಾಲ ನೋಡಿ ಹೊರಡಿ

ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ನದಿ ಏರಿ ಕೆಳಗಿನ ಮೆಟ್ಟಿಲುಗಳೆಲ್ಲ ಮುಳುಗುತ್ತವೆ. ಒಂದು ಘಾಟ್‌ನಿಂದ ಇನ್ನೊಂದಕ್ಕೆ ದಾರಿಯೇ ಇರುವುದಿಲ್ಲ. ಇಲ್ಲಿ ಅಪಾಯದ ಮಟ್ಟ ಸಮುದ್ರಮಟ್ಟದಿಂದ 71.26 ಮೀಟರ್. 1978ರಲ್ಲಿ ನೀರು 73.9 ಮೀಟರ್ ಮುಟ್ಟಿತ್ತು. ನೆರೆ ಇಳಿದ ಮೇಲೂ ಮೆಟ್ಟಿಲುಗಳ ಮೇಲೆ ದಪ್ಪನೆಯ ಹೂಳು ಕೂತಿರುತ್ತದೆ, ಪಂಪಿನ ನೀರು ಹೊಡೆದು ತೊಳೆಯಲು ವಾರಗಟ್ಟಲೆ ಬೇಕು. ಡಿಸೆಂಬರ್, ಜನವರಿಯಲ್ಲಿ ಮಂಜು ದಟ್ಟ, ಸೂರ್ಯೋದಯ ಕಾಣದೆ ಹೋಗಬಹುದು. ಆದರೆ ಮಲಯ್ಯೊ ಸಿಗುವುದು ಆ ಚಳಿಯಲ್ಲೇ. ಕೇಸರಿ ಹಾಕಿ ಕಡೆದ ಹಾಲಿನ ನೊರೆಯನ್ನು ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ನಾಲಿಗೆಗೆ ಇಟ್ಟ ಕ್ಷಣ ಕರಗಿ, ತಣ್ಣನೆಯ ಪರಿಮಳವಷ್ಟೇ ಉಳಿಯುತ್ತದೆ. ಬೆಳಿಗ್ಗೆಯೇ ತಿನ್ನಬೇಕು, ಬಿಸಿಲೇರಿದರೆ ನೊರೆ ನಿಲ್ಲುವುದಿಲ್ಲ.

ದಕ್ಷಿಣದಿಂದ ಉತ್ತರಕ್ಕೆ ನಡೆಯಿರಿ

ಗಂಗೆ ಕಾಶಿಯಲ್ಲಿ ಬಾಗಿ ಉತ್ತರಕ್ಕೆ ತಿರುಗುತ್ತಾಳೆ. ಬಾಗಿನ ಹೊರಬದಿಯಲ್ಲಿ ಸುಣ್ಣದ ಹರಳು ಬೆರೆತ ಗಟ್ಟಿ ಮಣ್ಣಿನ ದಿಬ್ಬವಿದೆ. ಊರು ಕೂತಿರುವುದು ಅದರ ಮೇಲೆ. ಎದುರು ದಡದಲ್ಲಿ ಬರೀ ಮರಳು. ಹಾಗಾಗಿ ಘಾಟ್‌ಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ದಕ್ಷಿಣ ತುದಿಯ ಅಸ್ಸಿ ಘಾಟ್‌ನಿಂದ ಹೊರಟರೆ ನದಿ ನಿಮ್ಮ ಬಲಕ್ಕೆ, ಎಳೆಬಿಸಿಲು ಎಡಗಡೆಯ ಗೋಡೆಗಳ ಮೇಲೆ. ಚುನಾರಿನ ಮರಳುಗಲ್ಲು ಆ ಹೊತ್ತಿನಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಘಾಟ್‌ಗಳು 84, ಉದ್ದ ಸುಮಾರು ಆರೂವರೆ ಕಿಲೋಮೀಟರ್. ಒಂದೇ ದಿನ ಮುಗಿಸುವ ಹಟ ಬೇಡ. ಎರಡು ಬೆಳಗ್ಗೆ ಇಟ್ಟುಕೊಳ್ಳಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ನೀರಿನಂಚಿನ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ.

ಮೊದಲ ಬೆಳಗ್ಗೆ: ಅಸ್ಸಿಯಿಂದ ದಶಾಶ್ವಮೇಧಕ್ಕೆ

ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಅಸ್ಸಿಯಲ್ಲಿರಿ. ಅಲ್ಲಿಂದ ಕೆಲವೇ ನಿಮಿಷಕ್ಕೆ ತುಳಸಿ ಘಾಟ್. ಸಂತ ತುಳಸೀದಾಸರು ವಾಸವಿದ್ದು, 1623ರಲ್ಲಿ ದೇಹ ಬಿಟ್ಟ ಜಾಗ.

ಮುಂದೆ ಕೋಟೆಯಂತೆ ಎದ್ದು ನಿಂತದ್ದು ಚೇತ್ ಸಿಂಗ್ ಘಾಟ್. ಇಲ್ಲಿ ಸ್ವಲ್ಪ ಹೊತ್ತು ಕೂರಿ. 1781ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹಣಕ್ಕಾಗಿ ಕಾಶಿಯ ರಾಜ ಚೇತ್ ಸಿಂಗ್‌ನ ಬೆನ್ನು ಹತ್ತಿದ. ಕಂಪನಿಯ ಬೊಕ್ಕಸ ಬರಿದಾಗಲು ಒಂದು ಕಾರಣ ದಕ್ಷಿಣದಲ್ಲಿ ನಮ್ಮ ಹೈದರಾಲಿಯೊಂದಿಗೆ ನಡೆಯುತ್ತಿದ್ದ ಯುದ್ಧ. ಅರಮನೆಯಲ್ಲೇ ಸೆರೆಯಾದ ರಾಜ, ಪೇಟಗಳನ್ನು ಗಂಟು ಹಾಕಿ ಹಗ್ಗ ಮಾಡಿಕೊಂಡು ಕಿಟಕಿಯಿಂದ ನದಿಗೆ ಇಳಿದು, ದೋಣಿಯಲ್ಲಿ ಪಾರಾದ. ಕೆಳಗೆ ನಿಂತು ಆ ಗೋಡೆಯ ಎತ್ತರ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಹನುಮಾನ್ ಘಾಟ್ ದಾಟಿದ ಕೂಡಲೇ ಎಡಗಡೆಯ ಬರಹ ಓದಿಕೊಂಡು ಹೋಗಿ: ಕರ್ನಾಟಕ ಘಾಟ್. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಹೆಚ್ಚಿನ ಶಿಲ್ಪವೇನೂ ಇಲ್ಲದ ಸಣ್ಣ ಘಾಟ್. ಆದರೂ ಅಲ್ಲಿ ನಿಂತಾಗ ಕಣ್ಣು ತುಂಬಿ ಬಂತು. ಮೈಸೂರಿನಿಂದ ಇಷ್ಟು ದೂರ ಬರುವ ಯಾತ್ರಿಕರಿಗೆ ಸ್ನಾನಕ್ಕೆ ಒಂದು ಜಾಗ ಇರಲಿ ಎಂದು ಯೋಚಿಸಿದವರಿದ್ದರಲ್ಲ! ಎರಡು ನಿಮಿಷ ಆ ಮೆಟ್ಟಿಲ ಮೇಲೆ ಕೂತು ಏಳಿ.

ಅದರ ಪಕ್ಕದ್ದೇ ಹರಿಶ್ಚಂದ್ರ ಘಾಟ್. ಚಿತೆಗಳು ಉರಿಯುತ್ತಿರುತ್ತವೆ. ಕ್ಯಾಮೆರಾ ಒಳಗಿಡಿ, ನಿಲ್ಲದೆ ದಾಟಿ.

ಕೇದಾರ ಘಾಟ್‌ನ ಗುರುತು ಕೆಂಪು ಬಿಳಿ ಪಟ್ಟೆ, ದಕ್ಷಿಣದ ದೇವಸ್ಥಾನದ ಪ್ರಾಕಾರದಂತೆಯೇ. ಸುತ್ತಲಿನ ಗಲ್ಲಿಗಳಲ್ಲಿ ದಕ್ಷಿಣ ಭಾರತದ ಮನೆಗಳಿವೆ, ಕಿವಿಗೆ ತಮಿಳು, ತೆಲುಗು ಬೀಳುತ್ತದೆ. ವಯಸ್ಸಾದವರು ಜೊತೆಗಿದ್ದರೆ ಇಲ್ಲಿಗೆ ನಡಿಗೆ ನಿಲ್ಲಿಸಿ, ದೋಣಿ ಹಿಡಿಯುವುದು ಒಳ್ಳೆಯದು. ನೀರಿನ ಪಕ್ಕದ ದಾರಿ ಹೆಚ್ಚು ಕಡಿಮೆ ಸಮತಟ್ಟು. ಮಂಡಿಗೆ ಕಷ್ಟವಾಗುವುದು ಮೇಲಿನ ರಸ್ತೆಗೆ ಹತ್ತುವಾಗ. ದೋಣಿಯ ಬಾಡಿಗೆಯನ್ನು ಹತ್ತುವ ಮೊದಲೇ, ತಲೆಗೆ ಇಷ್ಟು ಅಂತಲೋ ಇಡೀ ದೋಣಿಗೆ ಇಷ್ಟು ಅಂತಲೋ ಬಿಡಿಸಿ ಕೇಳಿ.

ದರಭಂಗಾ, ಮುನ್ಷಿ ಘಾಟ್‌ಗಳ ಎತ್ತರದ ಅರಮನೆಗಳ ಕೆಳಗೆ ನಡೆದು, ಅಹಲ್ಯಾಬಾಯಿ ಘಾಟ್ ದಾಟಿದರೆ ದಶಾಶ್ವಮೇಧ. ಹತ್ತಿರದ ಗೋದೌಲಿಯಾದಲ್ಲಿ ಕಚೋರಿ, ಜಿಲೇಬಿ ತಿಂದು, ಜಂಗಮವಾಡಿ ಮಠಕ್ಕೆ ಹೋಗಿ. ವೀರಶೈವರ ಪಂಚಪೀಠಗಳಲ್ಲಿ ಒಂದು. ಹಿರಿಯರ ನೆನಪಿಗೆ ಪ್ರತಿಷ್ಠಾಪಿಸಿದ ಲಿಂಗಗಳು ಸಾಲು ಸಾಲಾಗಿ ಸಾವಿರಗಟ್ಟಲೆ ಇವೆ. ಮೊಘಲ್ ದೊರೆಗಳು ಕೊಟ್ಟ ಫರ್ಮಾನುಗಳನ್ನೂ, ಅಂದರೆ ರಾಜಾಜ್ಞೆಯ ಪತ್ರಗಳನ್ನೂ, ಮಠ ಕಾಪಾಡಿಕೊಂಡು ಬಂದಿದೆ.

ಎರಡನೆಯ ಬೆಳಗ್ಗೆ: ದಶಾಶ್ವಮೇಧದಿಂದ ಪಂಚಗಂಗೆಗೆ

ಮೊದಲು ಮಾನ್ ಮಂದಿರ. ರಾಜಸ್ಥಾನದ ಅಂಬೇರಿನ ರಾಜ ಮಾನ್ ಸಿಂಗ್ ಕಟ್ಟಿಸಿದ ಅರಮನೆ. ಮೇಲ್ಛಾವಣಿಯ ಮೇಲೆ 18ನೇ ಶತಮಾನದಲ್ಲಿ ಸವಾಯಿ ಜಯಸಿಂಗ್ ಇಡಿಸಿದ ಖಗೋಳ ಯಂತ್ರಗಳಿವೆ. ಲಲಿತಾ ಘಾಟ್‌ನಲ್ಲಿ 19ನೇ ಶತಮಾನದ ನೇಪಾಳಿ ದೇವಾಲಯ. ಕಲ್ಲಿನ ಊರಿನ ನಡುವೆ ಮರದ ಕೆತ್ತನೆ, ಕಠ್ಮಂಡುವಿನ ಶೈಲಿ. ವಿಶ್ವನಾಥನ ಗುಡಿಯಿಂದ ನದಿಯವರೆಗಿನ ಅಗಲ ದಾರಿ, ಡಿಸೆಂಬರ್ 2021ರಲ್ಲಿ ತೆರೆದ ವಿಶ್ವನಾಥ ಕಾರಿಡಾರ್, ನೀರಿಗೆ ಇಳಿಯುವುದೂ ಇಲ್ಲೇ.

ಮಣಿಕರ್ಣಿಕೆಯಲ್ಲಿ ಹಗಲು ರಾತ್ರಿ ಚಿತೆ ಆರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ. "ಬಡವರ ಶವಸಂಸ್ಕಾರಕ್ಕೆ ಕಟ್ಟಿಗೆ ದಾನ ಮಾಡಿ" ಎಂದು ಒಬ್ಬ ಬಂದು, ಮೇಲಿನ ಕಟ್ಟಡಕ್ಕೆ ಕರೆದೊಯ್ದು, ನಮ್ಮಮ್ಮನಿಂದ ಎರಡು ಸಾವಿರ ರೂಪಾಯಿ ತೆಗೆದುಕೊಂಡ. ಆ ಹಣ ಚಿತೆಗೆ ಹೋಗುವುದಿಲ್ಲವೆಂದು ಚಹಾ ಮಾರುವವರು ಹೇಳಿದ ಮೇಲೆ ಅಮ್ಮ ಇಡೀ ದಿನ ಮಾತಾಡಲಿಲ್ಲ. ಯಾರಾದರೂ ಜೊತೆಗೆ ಬಂದರೆ ಕೈಮುಗಿದು, ಬೇಡ ಎಂದು ಮುಂದೆ ನಡೆಯಿರಿ. ಜನ ಕಿಕ್ಕಿರಿದಿದ್ದರೆ, ಕಾಮಗಾರಿ ನಡೆದಿದ್ದರೆ ಮೇಲಿನ ಗಲ್ಲಿ ಹಿಡಿದು ಸುತ್ತಿಕೊಂಡು ಇಳಿಯಿರಿ. ಶವ ಹೊತ್ತವರು "ರಾಮ್ ನಾಮ್ ಸತ್ಯ ಹೈ" ಎನ್ನುತ್ತ ಬರುವ ಸದ್ದು ಕೇಳಿದ ಕೂಡಲೇ ಗೋಡೆಗೆ ಒತ್ತಿ ನಿಂತು ದಾರಿ ಬಿಡಿ.

ಪಕ್ಕದಲ್ಲೇ ರತ್ನೇಶ್ವರ ದೇವಾಲಯ, ಬುಡ ನೀರಿನಲ್ಲಿ, ಶಿಖರ ಒಂದು ಕಡೆಗೆ ವಾಲಿ. ಮಳೆಗಾಲದಲ್ಲಿ ಗರ್ಭಗುಡಿಗೇ ನೀರು. ಬೇಸಿಗೆಯಲ್ಲಿ ಹತ್ತಿರ ಹೋದಾಗ ಕಂಬದ ಹೂಬಳ್ಳಿಯ ಕೆತ್ತನೆಯ ಸಂದುಗಳಲ್ಲಿ ಒಣಗಿದ ಹೂಳು ಬೂದಿಯ ಹಾಗೆ ಕೂತಿತ್ತು, ಬೆರಳು ತಾಗಿದರೆ ಉದುರುತ್ತಿತ್ತು. ಅದಕ್ಕೆ ಹೊಂದಿದ ಸಿಂಧಿಯಾ ಘಾಟ್ ಕೂಡ ತನ್ನ ಭಾರಕ್ಕೇ ಕುಸಿದದ್ದು. ಗ್ವಾಲಿಯರಿನ ರಾಣಿ ಬೈಜಾಬಾಯಿ 1830ರಲ್ಲಿ ಕಟ್ಟಿಸಿದ್ದನ್ನು ಆಮೇಲೆ ಮತ್ತೆ ಕಟ್ಟಬೇಕಾಯಿತು.

ಇಲ್ಲಿಂದ ಮುಂದೆ ಜನ ವಿರಳ, ನನಗೆ ಇಷ್ಟವಾದ ಭಾಗವೂ ಇದೇ. ಬಟ್ಟೆ ಒಗೆಯುವವರು, ದೋಣಿಯ ತಳಕ್ಕೆ ಡಾಂಬರು ಬಳಿಯುವ ಮಲ್ಲಾಹರು, ಗಾಳಿಪಟದ ಹುಡುಗರು. ಬಾಲಾಜಿ ದೇವಸ್ಥಾನದ ಬಳಿ ಒಂದು ಕ್ಷಣ ನಿಲ್ಲಿ. ಬಿಸ್ಮಿಲ್ಲಾ ಖಾನರು ವರ್ಷಗಟ್ಟಲೆ ಶಹನಾಯಿ ಸಾಧನೆ ಮಾಡಿದ್ದು ಅಲ್ಲಿ.

ಪಂಚಗಂಗಾ ಘಾಟ್‌ನ ಮೆಟ್ಟಿಲುಗಳು ಕಡಿದಾದವು. ನಸುಕಿನಲ್ಲಿ ಸ್ನಾನಕ್ಕೆ ಬಂದ ರಾಮಾನಂದರ ಕಾಲು ಮೆಟ್ಟಿಲ ಮೇಲೆ ಮಲಗಿದ್ದ ಕಬೀರರಿಗೆ ತಾಗಿ, ಅವರ ಬಾಯಿಂದ ಬಂದ ರಾಮನಾಮವೇ ಕಬೀರರಿಗೆ ಮಂತ್ರವಾಯಿತು ಎಂಬ ಕಥೆ ಇಲ್ಲಿಯದು. ಮೇಲೆ ಔರಂಗಜೇಬನ ಕಾಲದ ಮಸೀದಿ, ಹಳೆಯ ಬಿಂದುಮಾಧವನ ಗುಡಿ ಇದ್ದ ಜಾಗ. ಈಗಿನ ಬಿಂದುಮಾಧವ ಪಕ್ಕದ ಮನೆಯಂಥ ಗುಡಿಯಲ್ಲಿದ್ದಾನೆ. ಕಾರ್ತಿಕದಲ್ಲಿ ಬಂದರೆ ಸಂಜೆ ಇನ್ನೊಮ್ಮೆ ಇಲ್ಲಿಗೇ ಬನ್ನಿ: ಉದ್ದನೆಯ ಬಿದಿರ ತುದಿಗೆ ಬುಟ್ಟಿ ಕಟ್ಟಿ, ಅದರೊಳಗೆ ಹಣತೆ ಇಟ್ಟು, ಹಗ್ಗ ಎಳೆದು ಮೇಲೇರಿಸುತ್ತಾರೆ. ತೀರಿಕೊಂಡವರಿಗೆ ದಾರಿ ಕಾಣಲೆಂದು ಹಚ್ಚುವ ಆಕಾಶದೀಪ.

ಕಾಲಿನಲ್ಲಿ ಕಸುವಿದ್ದರೆ ತ್ರಿಲೋಚನ ಘಾಟ್ ದಾಟಿ, 1887ರ ರೈಲು ಸೇತುವೆ ಕಾಣುವ ರಾಜಘಾಟ್‌ವರೆಗೂ ಹೋಗಬಹುದು. ಇಲ್ಲವಾದರೆ ಪಂಚಗಂಗೆಯ ಮೆಟ್ಟಿಲೇರಿ ಗಲ್ಲಿಗೆ ಬನ್ನಿ, ಚೌಕ್ ಯಾವ ಕಡೆ ಎಂದು ಕೇಳಿಕೊಂಡು ನಡೆಯಿರಿ. ದೊಡ್ಡ ರಸ್ತೆಯಲ್ಲಿ ಟೋಟೊ (ಬ್ಯಾಟರಿ ರಿಕ್ಷಾ) ಸಿಗುತ್ತದೆ.